ಅಲಾಸ್ಕದ ಸಣ್ಣ ವಿಮಾನಕ್ಕೆ ಯಾವ ಸ್ಟವ್, ಯಾವ ಇಂಧನ?

ಬೆಟಲ್ಸ್‌ನಿಂದ ಬ್ರೂಕ್ಸ್ ಪರ್ವತಸಾಲಿಗೆ, ಪೋರ್ಟ್ ಆಲ್ಸ್‌ವರ್ತ್‌ನಿಂದ ಲೇಕ್ ಕ್ಲಾರ್ಕ್‌ನ ಒಳಗಿನ ಕೆರೆಗಳಿಗೆ, ಟಾಲ್ಕೀಟ್ನಾದಿಂದ ಡೆನಾಲಿಯ ಹಿಮನದಿಗೆ ಹೋಗಬೇಕೆಂದರೆ ಏರ್ ಟ್ಯಾಕ್ಸಿಯೇ ಗತಿ. ನೀರಿನ ಮೇಲಿಳಿಯುವ ಬೀವರ್, ದಪ್ಪ ಚಕ್ರದ ಸೆಸ್ನಾ, ಒಬ್ಬರನ್ನಷ್ಟೇ ಕೂರಿಸಿಕೊಳ್ಳುವ ಸೂಪರ್ ಕಬ್, ಯಾವುದೋ ಒಂದು ನಿಮ್ಮನ್ನು ಇಳಿಸಿ ಹೊರಟುಹೋಗುತ್ತದೆ. ಸಿಯಾಟಲ್‌ನಿಂದಲೋ ಬೇ ಏರಿಯಾದಿಂದಲೋ ಮೊದಲ ಸಲ ಹೊರಡುವ ಕನ್ನಡಿಗರ ಸಾಮಾನು ಪಟ್ಟಿಯಲ್ಲಿ ಸ್ಟವ್‌ನ ಹೆಸರು ಮೊದಲು ಬರುತ್ತದೆ, ಇಂಧನದ ಮಾತು ಕೊನೆಗೆ. ಅದು ತಿರುಗುಮುರುಗಾಗಬೇಕು. ಕೊನೆಯ ವಿಮಾನ ಹತ್ತುವ ಜಾಗದಲ್ಲಿ ಯಾವ ಇಂಧನ ಸಿಗುತ್ತದೆ, ಅಲ್ಲಿನ ಪೈಲಟ್ ಯಾವುದನ್ನು ಹತ್ತಿಸಿಕೊಳ್ಳುತ್ತಾರೆ ಅನ್ನುವುದು ಮೊದಲು ಗೊತ್ತಾಗಬೇಕು. ಸ್ಟವ್ ಅದರ ಹಿಂದೆ ಬರಲಿ.

ವಿಮಾನ ಮೂರು ಬಗೆ

ಆಂಕರೇಜ್‌ಗೋ ಫೇರ್‌ಬ್ಯಾಂಕ್ಸ್‌ಗೋ ಕರೆದೊಯ್ಯುವ ದೊಡ್ಡ ಜೆಟ್‌ನಲ್ಲಿ ಸ್ಟವ್ ಇಂಧನಕ್ಕೆ ಜಾಗವೇ ಇಲ್ಲ. ಕ್ಯಾಬಿನ್ ಬ್ಯಾಗಲ್ಲೂ ಇಲ್ಲ, ಚೆಕ್-ಇನ್ ಬ್ಯಾಗಲ್ಲೂ ಇಲ್ಲ. ಸೀಲ್ ಒಡೆಯದ ಕ್ಯಾನಿಸ್ಟರ್ (ಅನಿಲ ತುಂಬಿದ ಪುಟ್ಟ ಡಬ್ಬ) ಆದರೂ ಅಷ್ಟೇ, ಗಟ್ಟಿ ಇಂಧನದ ಎಸ್ಬಿಟ್ ಗುಳಿಗೆಯಾದರೂ ಅಷ್ಟೇ. ಹೊಸ ಸ್ಟವ್ ಹೋಗುತ್ತದೆ. ಬಳಸಿದ ಸ್ಟವ್‌ನಲ್ಲಿ ಇಂಧನದ ವಾಸನೆಯೂ ಉಳಿದಿರಬಾರದು.

ಎರಡನೆಯದು ಮೋಸಹೋಗುವ ಜಾಗ. ಫೇರ್‌ಬ್ಯಾಂಕ್ಸ್‌ನಿಂದ ಅನಕ್ಟುವುಕ್ ಪಾಸ್‌ನಂಥ ಹಳ್ಳಿಗಳಿಗೆ ಹೋಗುವ ವಿಮಾನ ನೋಡಲು ಚಿಕ್ಕದೇ, ಒಳಗೆ ಸೀಟುಗಳು ಎಣಿಸಿದಷ್ಟೇ. ಆದರೆ ಅದು ವೇಳಾಪಟ್ಟಿಯ ಪ್ರಕಾರ ಹಾರುವ ಪ್ರಯಾಣಿಕ ಸೇವೆ. ಇಂಧನದ ವಿಷಯದಲ್ಲಿ ಅದನ್ನು ಜೆಟ್‌ನಂತೆಯೇ ಲೆಕ್ಕಕ್ಕೆ ಹಿಡಿಯಬೇಕು. ಅಲ್ಲಿ ಇಳಿದು ನೇರ ನಡೆಯುವ ಯೋಜನೆಯಿದ್ದರೆ ಇಂಧನವನ್ನು ಬೇರೆ ದಾರಿಯಿಂದ, ಅಂದರೆ ಅಪಾಯಕಾರಿ ಸರಕು ಒಯ್ಯಲು ತರಬೇತಿ, ಅನುಮತಿ ಇರುವ ಕಾರ್ಗೋ ಕಂಪನಿಯ ಮೂಲಕ, ಮುಂಚಿತವಾಗಿ ಘೋಷಿಸಿ ಕಳಿಸಿಕೊಳ್ಳಬೇಕು. ಇಲ್ಲವೇ ಹಳ್ಳಿಯ ಅಂಗಡಿಗೆ ಫೋನ್ ಮಾಡಿ ಸ್ಟಾಕ್ ವಿಚಾರಿಸಿಟ್ಟುಕೊಳ್ಳಬೇಕು.

ಮೂರನೆಯದು ಚಾರ್ಟರ್, ಅಂದರೆ ನಿಮ್ಮ ಗುಂಪಿಗಾಗಿಯೇ ಹಾರುವ ಏರ್ ಟ್ಯಾಕ್ಸಿ. ಇದಕ್ಕೆ ಅಮೆರಿಕದ ಕೇಂದ್ರ ನಿಯಮಾವಳಿಯ 49ನೇ ಭಾಗದಲ್ಲಿ 175.310 ಅನ್ನುವ ಕಲಮು ಒಂದು ಕಿಟಕಿ ತೆರೆದಿಟ್ಟಿದೆ. ಬೇರೆ ಸಾಗಣೆಯ ದಾರಿ ಇಲ್ಲದ ಕಡೆ, ಪ್ರಯಾಣಿಕರ ಅಗತ್ಯಕ್ಕಾಗಿ, ವೇಳಾಪಟ್ಟಿಯಿಲ್ಲದ ಸಣ್ಣ ವಿಮಾನ 76 ಲೀಟರ್ (20 ಗ್ಯಾಲನ್) ತನಕ ಉರಿಯುವ ದ್ರವ ಇಂಧನ ಒಯ್ಯಬಹುದು. ಡಬ್ಬಕ್ಕೂ ಷರತ್ತಿದೆ. ಒಪ್ಪಿತವಾದ ಒಂದು ಕ್ರಮವೆಂದರೆ 20 ಲೀಟರ್ ಮೀರದ ಗಟ್ಟಿ ಲೋಹದ ಡಬ್ಬ, ಅದರ ಸುತ್ತ ನಿಗದಿತ ದರ್ಜೆಯ ರಟ್ಟಿನ ಅಥವಾ ಮರದ ಪೆಟ್ಟಿಗೆ. ಇಂಧನವಿಟ್ಟ ಭಾಗಕ್ಕೆ ಗಾಳಿಯಾಡಬೇಕು, ಹತ್ತಿಸುವಾಗ, ಇಳಿಸುವಾಗ, ಹಾರುವಾಗ ಬೆಂಕಿ, ಕಿಡಿ ಯಾವುದೂ ಇರಬಾರದು, ಇಂಧನ ಎಲ್ಲಿದೆ, ಅದರ ಅಪಾಯವೇನು ಎಂದು ಪೈಲಟ್ ಪ್ರಯಾಣಿಕರಿಗೆ ಹೇಳಬೇಕು. ಅಲಾಸ್ಕದ ಆಚೆ ಇಡಾಹೋದ ಫ್ರಾಂಕ್ ಚರ್ಚ್ ಕಾಡಿನಂಥ ದೂರದ ಪ್ರದೇಶಗಳಿಗೂ ಈ ಕಲಮಿನ ನೆರಳಿದೆ.

ಇಲ್ಲಿ ಗಮನಿಸಬೇಕಾದ ಪದ "ದ್ರವ". ಐಸೊಬ್ಯುಟೇನ್ ಕ್ಯಾನಿಸ್ಟರ್ ಈ ಕಿಟಕಿಯೊಳಗೆ ಬರುವುದಿಲ್ಲ. ಅದು ಕಾನೂನಿನ ಲೆಕ್ಕದಲ್ಲಿ ಒತ್ತಡದಲ್ಲಿರುವ ಉರಿಯುವ ಅನಿಲ, 2.1ನೇ ವರ್ಗ. ವೈಟ್ ಗ್ಯಾಸ್ (ಹೆಸರಲ್ಲಿ ಗ್ಯಾಸ್ ಇದ್ದರೂ ಇದು ಪೆಟ್ರೋಲ್ ಜಾತಿಯ ದ್ರವ), ಸ್ಪಿರಿಟ್, ಸೀಮೆಎಣ್ಣೆ ಉರಿಯುವ ದ್ರವಗಳು, 3ನೇ ವರ್ಗ. ನಮ್ಮ ಕಣ್ಣಿಗೆ ಅಂಗೈಯಗಲದ ಕ್ಯಾನಿಸ್ಟರ್ ಸಾಧು, ಗ್ಯಾಲನ್ ಡಬ್ಬ ಭಯಂಕರ. ನಿಯಮದ ಕಣ್ಣಿಗೆ ದ್ರವಕ್ಕೇ ದಾರಿ ಸಲೀಸು. ಕ್ಯಾನಿಸ್ಟರ್ ಒಯ್ಯಬೇಕಾದರೆ ಕಂಪನಿಗೆ ಅಪಾಯಕಾರಿ ಸರಕಿನ ತರಬೇತಿ ಮತ್ತು ಅನುಮತಿ ಇರಬೇಕು. ಕೆಲವರಿಗೆ ಇದೆ, ಕೆಲವರು ಆ ಗೋಜಿಗೇ ಹೋಗಿಲ್ಲ. ಒಂದೇ ಊರಿನ ಒಂದು ಕಂಪನಿ ಕ್ಯಾನಿಸ್ಟರ್ ಒಪ್ಪಿ ಪಕ್ಕದ್ದು ಒಪ್ಪದಿರಲು ಇದೇ ಕಾರಣ, ಪೈಲಟ್‌ನ ಹಟವಲ್ಲ.

ಹಾಗಾಗಿ ಟಿಕೆಟ್ ಕಾಯ್ದಿರಿಸುವ ದಿನವೇ ಇಮೇಲ್‌ನಲ್ಲಿ ಮೂರು ಪ್ರಶ್ನೆ ಕೇಳಿ. ನಿಮ್ಮಲ್ಲಿ ಯಾವ ಇಂಧನ ಮಾರಾಟಕ್ಕಿದೆ, ಎಷ್ಟು ದೊಡ್ಡ ಡಬ್ಬದಲ್ಲಿ? ನಾವು ತಂದದ್ದನ್ನು ಹತ್ತಿಸುತ್ತೀರಾ, ಸೀಲ್ ಒಡೆದಿದ್ದರೂ ಹತ್ತಿಸುತ್ತೀರಾ? ವಾಪಸ್ ಬರುವಾಗ ಅರ್ಧ ಉಳಿದದ್ದನ್ನು ಏನು ಮಾಡಬೇಕು? ಮೂರನೆಯದನ್ನು ಹೆಚ್ಚಿನವರು ಕೇಳುವುದಿಲ್ಲ, ಹಿಂದಿರುಗುವ ದಿನ ಜಲ್ಲಿಯ ಮೇಲೆ ನಿಂತು ಕೇಳುತ್ತಾರೆ.

ಕ್ಯಾನಿಸ್ಟರ್

ಬಳಸಲು ಇದಕ್ಕಿಂತ ಸುಲಭದ್ದು ಇಲ್ಲ. ತಿರುಗಿಸಿ ಕೂರಿಸು, ಹಚ್ಚು. ಚೆಲ್ಲುವ ಭಯವಿಲ್ಲ, ಮಸಿಯಿಲ್ಲ, ಟೆಂಟಿನ ಬಾಗಿಲಲ್ಲಿ ನಡುಗುವ ಕೈಯಲ್ಲೂ ಹೊತ್ತಿಕೊಳ್ಳುತ್ತದೆ. ಜೂನ್‌ನಿಂದ ಆಗಸ್ಟ್ ಮಧ್ಯದವರೆಗೆ, ಇಬ್ಬರು, ಒಂದು ವಾರ, ಬಿಸಿನೀರು ಸುರಿದರೆ ಆಗುವ ಊಟ, ಕಂಪನಿಯೇ ಕ್ಯಾನಿಸ್ಟರ್ ಮಾರುತ್ತದೆ: ಇಷ್ಟೂ ಕೂಡಿಬಂದರೆ ಬೇರೆ ಯೋಚನೆ ಬೇಡ.

ಒಳಗಿನ ಮಿಶ್ರಣ ನೋಡಿ ಕೊಳ್ಳಿ. ಸಾದಾ ಬ್ಯುಟೇನ್ ಕುದಿಯುವುದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ, ಐಸೊಬ್ಯುಟೇನ್ ಸುಮಾರು ಮೈನಸ್ 12ರಲ್ಲಿ, ಪ್ರೊಪೇನ್ ಮೈನಸ್ 42ರಲ್ಲಿ. ಎಮ್ಎಸ್ಆರ್ ಕಂಪನಿಯ ಐಸೊಪ್ರೊ ಕ್ಯಾನಿಸ್ಟರ್‌ನಲ್ಲಿ 80 ಪಾಲು ಐಸೊಬ್ಯುಟೇನ್, 20 ಪಾಲು ಪ್ರೊಪೇನ್. ಏಷ್ಯನ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಉದ್ದನೆಯ ಕೊಳವೆಯಂಥ ಡಬ್ಬದಲ್ಲಿ ಸಾಮಾನ್ಯವಾಗಿ ಸಾದಾ ಬ್ಯುಟೇನ್ ಇರುತ್ತದೆ. ಆಗಸ್ಟ್ ಕೊನೆಯ ಬೆಳಗಿನ ಮಂಜಿಗೆ ಅದು ಉಸಿರೇ ಎತ್ತುವುದಿಲ್ಲ. ಒಳ್ಳೆಯ ಮಿಶ್ರಣವೂ ಉರಿಯುತ್ತಾ ಉರಿಯುತ್ತಾ ತಾನೇ ತಣ್ಣಗಾಗುತ್ತದೆ, ಏಕೆಂದರೆ ದ್ರವ ಅನಿಲವಾಗಲು ಬೇಕಾದ ಶಾಖವನ್ನು ಡಬ್ಬದಿಂದಲೇ ಎಳೆದುಕೊಳ್ಳುತ್ತದೆ. ಡಬ್ಬ ಖಾಲಿಯಾಗುತ್ತಾ ಬಂದಂತೆ ಪ್ರೊಪೇನ್ ಮೊದಲು ಹೋಗಿಬಿಟ್ಟಿರುತ್ತದೆ, ಉರಿ ಸಪ್ಪೆಯಾಗುತ್ತದೆ. ತಟ್ಟೆಯಲ್ಲಿ ಎರಡು ಬೆರಳು ಉಗುರುಬೆಚ್ಚನೆಯ ನೀರು ಹಾಕಿ ಕ್ಯಾನಿಸ್ಟರ್ ಅದರಲ್ಲಿ ನಿಲ್ಲಿಸಿದರೆ ಚೇತರಿಸಿಕೊಳ್ಳುತ್ತದೆ. ಕುದಿಯುವ ನೀರು ಬೇಡ.

ಇದರ ದೊಡ್ಡ ತೊಂದರೆ ಲೆಕ್ಕ. ಅರ್ಧ ಖಾಲಿಯಾದ ಡಬ್ಬದಲ್ಲಿ ಎಷ್ಟಿದೆ ಅನ್ನುವುದು ಕಣ್ಣಿಗೆ ಕಾಣದು. ಮನೆಯಿಂದ ಹೊರಡುವ ಮುಂಚೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನೂ ಬ್ಯಾಗಿಗೆ ಹಾಕಿ, ಆಂಕರೇಜ್‌ನಲ್ಲಿ ಕೊಂಡ ಕೂಡಲೇ ತೂಗಿ, ಡಬ್ಬದ ತಳದಲ್ಲಿ ಮಾರ್ಕರ್‌ನಿಂದ ತೂಕ ಬರೆಯಿರಿ. 227 ಗ್ರಾಂ ಅನಿಲದ ಡಬ್ಬ ತುಂಬಿದಾಗ ಹೆಚ್ಚುಕಡಿಮೆ 375 ಗ್ರಾಂ ತೂಗುತ್ತದೆ, ಅಂದರೆ ಬರೀ ಡಬ್ಬವೇ 150 ಗ್ರಾಂ.

ವೈಟ್ ಗ್ಯಾಸ್

ಕೋಲ್‌ಮನ್ ಫ್ಯುಯೆಲ್ ಎಂದು ಅಂಗಡಿಗಳಲ್ಲಿ ಸಿಗುವ, ಸೀಸವಿಲ್ಲದ ಶುದ್ಧ ಪೆಟ್ರೋಲ್ ಜಾತಿಯ ಇಂಧನ. ಕಿಲೋಗೆ 44 ಮೆಗಾಜೂಲ್ ಶಾಖ. ಚಳಿ ಎಷ್ಟಿದ್ದರೂ ಇಂಧನ ಬಾಟಲಿಗೆ ಕೂರಿಸಿದ ಪಂಪ್ ಹೊಡೆದಷ್ಟು ಒತ್ತಡ ಬರುತ್ತದೆ. ಬಾಟಲಿ ಎತ್ತಿ ಅಲ್ಲಾಡಿಸಿದರೆ ಎಷ್ಟು ಉಳಿದಿದೆ ಅನ್ನುವುದು ಗೊತ್ತಾಗುತ್ತದೆ. ಡೆನಾಲಿಯ ಆರೋಹಿಗಳು ಇದನ್ನೇ ಬಳಸುತ್ತಾರೆ. ಅಲ್ಲಿನ ಏರ್ ಟ್ಯಾಕ್ಸಿಗಳು ಟಾಲ್ಕೀಟ್ನಾದಲ್ಲೇ ಗ್ಯಾಲನ್ ಲೆಕ್ಕದಲ್ಲಿ ಹಣ ಪಡೆಯುತ್ತವೆ. ಇಂಧನ ಬೇರೆಯಾಗಿ ಹಾರಿ ಕಹಿಲ್ಟ್ನಾ ಬೇಸ್ ಕ್ಯಾಂಪ್ ಸೇರಿರುತ್ತದೆ, ಆರೋಹಿ ಅಲ್ಲಿ ಇಸಿದುಕೊಳ್ಳುತ್ತಾನೆ. ಪ್ರಯಾಣಿಕ ಮತ್ತು ಇಂಧನ ಒಂದೇ ಕ್ಯಾಬಿನ್‌ನಲ್ಲಿ ಕೂರುವುದೇ ಬೇಡ ಅನ್ನುವ ಈ ಏರ್ಪಾಡು ಎಲ್ಲಿ ಸಿಕ್ಕರೂ ಕಣ್ಣುಮುಚ್ಚಿ ಒಪ್ಪಿಕೊಳ್ಳಿ.

ತೊಂದರೆ ಇರುವುದು ಹಚ್ಚುವಲ್ಲಿ. ಒಂದು ಟೀ ಚಮಚದಷ್ಟು ಇಂಧನವನ್ನು ಬರ್ನರ್ ಕೆಳಗಿನ ಬಟ್ಟಲಿಗೆ ಬಿಟ್ಟು ಹಚ್ಚಿ, ಇಂಧನದ ಕೊಳವೆ ಕಾಯುವವರೆಗೆ ಕಾಯಬೇಕು. ಅವಸರದಲ್ಲಿ ಜಾಸ್ತಿ ಬಿಟ್ಟರೆ ಮೊಣಕಾಲೆತ್ತರ ಹಳದಿ ಜ್ವಾಲೆ. ಟೆಂಟಿನೊಳಗೆ ಇದು ಸಲ್ಲದು. ಒಮ್ಮೆಯೂ ಹಚ್ಚಿ ನೋಡದ ಹೊಸ ಸ್ಟವ್ ತಂದು ನದಿದಂಡೆಯಲ್ಲಿ ಕೈಪಿಡಿ ಬಿಡಿಸುವವರಿಗೆ ಈ ಇಂಧನ ಹೇಳಿಸಿದ್ದಲ್ಲ. ಮನೆಯ ಹಿತ್ತಿಲಲ್ಲಿ ಹತ್ತು ಸಲ ಹಚ್ಚಿ ಆರಿಸಿ ಅಭ್ಯಾಸವಾಗಿದ್ದರೆ ಮಾತ್ರ ಸರಿ.

ಸ್ಪಿರಿಟ್, ಗುಳಿಗೆ, ಸೌದೆ

ಸ್ಪಿರಿಟ್ ಸ್ಟವ್ ಹಗುರ, ಕೆಡಲು ಅದರಲ್ಲಿ ಏನೂ ಇಲ್ಲ. ಇಂಧನವೂ ಎಲ್ಲ ಕಡೆ: ಪೆಟ್ರೋಲ್ ಬಂಕ್‌ಗಳಲ್ಲಿ ಹಳದಿ ಬಾಟಲಿಯ ಹೀಟ್, 355 ಮಿಲಿ, ಕಾರಿನ ಇಂಧನದಲ್ಲಿ ಸೇರಿದ ನೀರಿಗೆಂದು ಮಾರುವ ಮೆಥನಾಲ್. ಕೆಂಪು ಬಾಟಲಿಯದು ಬೇರೆ, ಅದನ್ನು ತರಬೇಡಿ, ಮಸಿ ಕಟ್ಟುತ್ತದೆ. ಆದರೆ ಮೆಥನಾಲ್‌ನಲ್ಲಿರುವ ಶಾಖ ಕಿಲೋಗೆ 20 ಮೆಗಾಜೂಲ್‌ಗಿಂತ ತುಸು ಕಡಿಮೆ, ವೈಟ್ ಗ್ಯಾಸ್‌ನ ಅರ್ಧವೂ ಇಲ್ಲ. ಎಥನಾಲ್ ಆದರೆ ಸುಮಾರು 27. ಮೆಥನಾಲ್ ವಿಷ, ಚರ್ಮದಿಂದಲೂ ಒಳಗೆ ಇಳಿಯುತ್ತದೆ. ಹಗಲಲ್ಲಿ ಜ್ವಾಲೆ ಕಾಣುವುದಿಲ್ಲ, ಆರಿದೆ ಎಂದುಕೊಂಡು ಮೇಲಿಂದ ಸುರಿದವರ ಕೈ ಸುಟ್ಟಿದೆ. ಇಡಾಹೋದಲ್ಲಿ ಬೇಸಿಗೆಯ ಬೆಂಕಿ ನಿರ್ಬಂಧ ಜಾರಿಗೆ ಬಂದರೆ, ತಿರುಗಿಸಿ ಆರಿಸುವ ಕವಾಟವಿರುವ ಸ್ಟವ್‌ಗಳಿಗೆ ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ, ಕವಾಟವಿಲ್ಲದ ಸ್ಪಿರಿಟ್ ಸ್ಟವ್‌ಗೆ ಇರುವುದಿಲ್ಲ. ಮೂರು ನಾಲ್ಕು ದಿನದ ಒಂಟಿ ಚಾರಣಕ್ಕೆ ಸರಿ, ಅದಕ್ಕಿಂತ ಉದ್ದಕ್ಕೆ ಬೇಡ.

ಹೆಕ್ಸಮೀನ್ ಗುಳಿಗೆ (ಎಸ್ಬಿಟ್) ತುರ್ತಿಗೆ ಚೆನ್ನ, ದಿನದ ಅಡುಗೆಗೆ ಅಲ್ಲ. ಮೀನಿನಂಥ ವಾಸನೆ, ಪಾತ್ರೆಯ ತಳಕ್ಕೆ ಅಂಟು. ಚೆಲ್ಲುವುದಿಲ್ಲ, ಆದರೂ ಉರಿಯುವ ಘನವೆಂದು ಇದೂ ಘೋಷಿಸಬೇಕಾದ ಸರಕೇ.

ಏನೂ ಒಯ್ಯದೆ ಸೌದೆ ಸ್ಟವ್ ನಂಬಿಕೊಂಡರಾಯಿತು ಅನ್ನುವ ಸಲಹೆ ಬ್ರೂಕ್ಸ್ ಸಾಲಿನ ಉತ್ತರ ಇಳಿಜಾರಿನಲ್ಲಿ ಉಪವಾಸ ಕೆಡವುತ್ತದೆ. ಅಲ್ಲಿ ಮರಗಳೇ ಇಲ್ಲ, ಇರುವುದು ಒದ್ದೆ ವಿಲೋ ಪೊದೆ.

ಇನ್ನೊಂದು ಆಸೆ ವಿಮಾನದ್ದೇ ಇಂಧನ. ಪಿಸ್ಟನ್ ವಿಮಾನಗಳ ನೀಲಿ ಬಣ್ಣದ 100ಎಲ್‌ಎಲ್ ಪೆಟ್ರೋಲ್‌ನಲ್ಲಿ ಸೀಸವಿದೆ. ಅದರ ಹೊಗೆ ಕುಡಿಯುತ್ತಾ ಅನ್ನ ಮಾಡುವುದು ಬೇಡ, ಸ್ಟವ್‌ನ ಜೆಟ್ (ಇಂಧನ ಚಿಮ್ಮುವ ಸಣ್ಣ ತೂತು) ಕಟ್ಟಿಕೊಳ್ಳುವುದು ಬೇರೆ. ಟರ್ಬೈನ್ ವಿಮಾನಗಳ ಜೆಟ್-ಎ ಹೆಚ್ಚುಕಡಿಮೆ ಸೀಮೆಎಣ್ಣೆಯೇ. ಎಮ್ಎಸ್ಆರ್‌ನ ಎಕ್ಸ್‌ಜಿಕೆಯಂಥ ದ್ರವ ಸ್ಟವ್‌ನಲ್ಲಿ ಸರಿಯಾದ ಜೆಟ್ ಹಾಕಿದರೆ ಉರಿಯುತ್ತದೆ, ಮಸಿ ಹಿಡಿಯುತ್ತದೆ, ಮೊದಲು ಕಾಯಿಸಲು ಸ್ಪಿರಿಟ್ ಬೇಕು. 38 ಡಿಗ್ರಿ ತನಕ ಅದರ ಆವಿ ಹೊತ್ತಿಕೊಳ್ಳದ ಕಾರಣ ಒಯ್ಯಲು ಇದೇ ಎಲ್ಲಕ್ಕಿಂತ ಸುರಕ್ಷಿತ ದ್ರವ, ಆದರೆ ಬಳಸುವವರು ಕಡಿಮೆ.

ಎಷ್ಟು ಬೇಕು

ಇಬ್ಬರು, ಎಂಟು ದಿನ, ಜೊತೆಗೆ ಹವಾಮಾನಕ್ಕೆಂದು ಎರಡು ದಿನ. ಈ ಎರಡು ದಿನ ಐಚ್ಛಿಕವಲ್ಲ. ಮೋಡ ಕಣಿವೆಗೆ ಇಳಿದರೆ ಪೈಲಟ್ ಬರುವುದಿಲ್ಲ, ಬರಬಾರದು. ತಲೆಗೆ ದಿನಕ್ಕೆ ಒಂದೂವರೆ ಲೀಟರ್ ಕುದಿನೀರು ಎಂದರೆ ಒಟ್ಟು 30 ಲೀಟರ್. ಐದು ಡಿಗ್ರಿಯ ನದಿನೀರನ್ನು ನೂರಕ್ಕೆ ಏರಿಸಲು 12 ಮೆಗಾಜೂಲ್ ಶಾಖ ಪಾತ್ರೆಗೆ ತಲುಪಬೇಕು. ಗಾಳಿಗೆ ಮರೆ ಕಟ್ಟಿದರೂ ಸಾದಾ ಸ್ಟವ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಶಾಖ ಪೋಲಾಗುತ್ತದೆ ಎಂದು ಹಿಡಿದು ಹಾಕಿದ ಲೆಕ್ಕ ಇದು, ತುಸು ಮಿಗತೆಯೂ ಸೇರಿದೆ:

| ಇಂಧನ | ಒಯ್ಯಬೇಕಾದದ್ದು |
|---|---|
| ಕ್ಯಾನಿಸ್ಟರ್, ತಳಕ್ಕೆ ರೆಕ್ಕೆಯಿರುವ ಪಾತ್ರೆ (ಜೆಟ್‌ಬಾಯ್ಲ್ ಥರದ್ದು) | ಸುಮಾರು 550 ಗ್ರಾಂ: 227ರವು ಎರಡು, 100ರದು ಒಂದು |
| ಕ್ಯಾನಿಸ್ಟರ್, ಸಾದಾ ಪಾತ್ರೆ | ಸುಮಾರು 680 ಗ್ರಾಂ: 227ರವು ಮೂರು |
| ವೈಟ್ ಗ್ಯಾಸ್ | 1.25 ಲೀಟರ್ |
| ಎಥನಾಲ್ ಸ್ಪಿರಿಟ್ | 1.5 ಲೀಟರ್ |
| ಮೆಥನಾಲ್ | 2 ಲೀಟರ್, ಹೀಟ್ ಬಾಟಲಿ ಆರು |
| ಹೆಕ್ಸಮೀನ್ | 14 ಗ್ರಾಂನ ಸುಮಾರು 80 ಗುಳಿಗೆ |

ಇದು ಬರೀ ನೀರು ಕುದಿಸುವವರ ಲೆಕ್ಕ. ಅನ್ನ-ಸಾರು ಇಲ್ಲದೆ ಆಗದು ಅನ್ನುವವರು ಬೇರೆ ಲೆಕ್ಕ ಹಾಕಬೇಕು. ಇಬ್ಬರಿಗೆ ಒಂದು ಹೊತ್ತಿನ ಅನ್ನ ಬೇಯಿಸಲು ಸುಮಾರು 25 ಗ್ರಾಂ ಅನಿಲ ಬೇಕು, ಜೆಟ್‌ಬಾಯ್ಲ್‌ನಂಥ ಕಿರಿದಾದ ಪಾತ್ರೆಯಲ್ಲಿ ತಳ ಹಿಡಿಯುವುದೂ ಖಚಿತ. ಅದೇ ಹೊತ್ತಿಗೆ ಗೊಜ್ಜವಲಕ್ಕಿ ಪುಡಿ ಬೆರೆಸಿದ ತರಿ ಅವಲಕ್ಕಿಗೆ ಬಿಸಿನೀರು ಹುಯ್ದು ಹತ್ತು ನಿಮಿಷ ಮುಚ್ಚಿಟ್ಟರೆ ಎಂಟು ಹತ್ತು ಗ್ರಾಂನಲ್ಲಿ ಊಟ. ಬಿಸಿ ನೀರು ಸುರಿದರೆ ಆಗುವ ಉಪ್ಪಿಟ್ಟು, ಅವಲಕ್ಕಿ, ಒಣ ಸಾರಿನ ಪುಡಿ ಇಟ್ಟುಕೊಂಡವರು ಒಂದು ಇಡೀ ಕ್ಯಾನಿಸ್ಟರ್ ಉಳಿಸುತ್ತಾರೆ. ನಿಧಾನ ಉರಿಯಲ್ಲಿ ಬೇಯಿಸಲೇಬೇಕು ಅಂದರೆ ದ್ರವ ಸ್ಟವ್‌ಗಳಲ್ಲಿ ಡ್ರ್ಯಾಗನ್‌ಫ್ಲೈ ಅನ್ನುವ ಮಾದರಿಯ ಉರಿ ಸಣ್ಣಗೆ ಇಳಿಯುತ್ತದೆ, ಎಕ್ಸ್‌ಜಿಕೆಯದು ಇಳಿಯುವುದಿಲ್ಲ.

ಹಿಮ ಕರಗಿಸಿ ಕುಡಿಯುವ ಕಡೆ ಕ್ಯಾನಿಸ್ಟರ್ ಮಾತೇ ಬೇಡ. ಒಂದು ಕಿಲೋ ಹಿಮ ಕರಗಲು ಬೇಕಾದ 334 ಕಿಲೋಜೂಲ್‌ನಲ್ಲಿ ಅಷ್ಟೇ ನೀರನ್ನು 80 ಡಿಗ್ರಿ ಏರಿಸಬಹುದು. ಅಲ್ಲಿ ತಲೆಗೆ ದಿನಕ್ಕೆ 150ರಿಂದ 200 ಮಿಲಿ ವೈಟ್ ಗ್ಯಾಸ್ ಇಟ್ಟುಕೊಳ್ಳಿ.

ಎತ್ತರ ಏನು ಮಾಡುತ್ತದೆ

ಈ ವಿಮಾನಗಳಿಗೆ ಒತ್ತಡ ಕಾಯ್ದ ಕ್ಯಾಬಿನ್ ಇಲ್ಲ. ಆರು ಸಾವಿರ ಅಡಿಯಲ್ಲಿ ಹೊರಗಿನ ಒತ್ತಡ 101ರಿಂದ 81 ಕಿಲೋಪ್ಯಾಸ್ಕಲ್‌ಗೆ ಇಳಿಯುತ್ತದೆ. ಕ್ಯಾನಿಸ್ಟರ್ "ಸಿಡಿಯುತ್ತದೆ" ಅನ್ನುವ ಭಯಕ್ಕೆ ಇದು ಕಾರಣವಾಗದು. 80-20ರ ಮಿಶ್ರಣದ ಡಬ್ಬದೊಳಗೆ 20 ಡಿಗ್ರಿಯಲ್ಲೇ ಸುಮಾರು ನಾಲ್ಕೂಕಾಲು ಬಾರ್ ಒತ್ತಡವಿರುತ್ತದೆ, ಎತ್ತರ ಅದಕ್ಕೆ ಸೇರಿಸುವುದು 0.2 ಬಾರ್. 50 ಡಿಗ್ರಿಗೆ ಕಾದರೆ ಅದೇ ಒತ್ತಡ ಎರಡರಷ್ಟಕ್ಕೂ ಮೇಲೆ ಹೋಗುತ್ತದೆ. ಹಾಗಾಗಿ ಹೆದರಬೇಕಾದದ್ದು ಆಕಾಶಕ್ಕಲ್ಲ, ಫೇರ್‌ಬ್ಯಾಂಕ್ಸ್‌ನ ಬಿಸಿಲಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಬಾಡಿಗೆ ಕಾರಿಗೆ.

ತೆಳು ತಗಡಿನ ಗ್ಯಾಲನ್ ಡಬ್ಬದ ಕಥೆ ಬೇರೆ. ಅದರ ಅಗಲದ ಮೈ ಹೆಚ್ಚುಕಡಿಮೆ 350 ಚದರ ಸೆಂಟಿಮೀಟರ್. ಆರು ಸಾವಿರ ಅಡಿಯಲ್ಲಿ ಅದರ ಮೇಲೆ ಒಳಗಿನಿಂದ 70 ಕಿಲೋ ಭಾರದ ತಳ್ಳು ಬೀಳುತ್ತದೆ. ತಗಡು "ಟಪ್" ಎಂದು ಉಬ್ಬುತ್ತದೆ, ಇಳಿಯುವಾಗ ಮತ್ತೆ ಒಳಕ್ಕೆ ಹೋಗುತ್ತದೆ. ಸೀಲ್ ಒಡೆಯದ ಡಬ್ಬ ಇದನ್ನು ತಡೆಯುತ್ತದೆ. ಒಮ್ಮೆ ತೆರೆದು ಮತ್ತೆ ತಿರುಗಿಸಿದ ಮುಚ್ಚಳ ತಡೆಯುವುದು ಅನುಮಾನ. ಅದರ ಅಂಚಿನಲ್ಲಿ ಜಿನುಗಿದ್ದು ಕಾಣದೆ ಆವಿಯಾಗುತ್ತದೆ. ಆ ಆವಿ ಗಾಳಿಗಿಂತ ಭಾರ, ನೆಲದ ಕೆಳಗಿನ ಸಂದಿಗಳಲ್ಲಿ ಕೂರುತ್ತದೆ, ವಿದ್ಯುತ್ ತಂತಿಗಳೂ ಅಲ್ಲೇ ಇವೆ. ಸ್ಫೋಟಕ್ಕೂ ಮುಂಚೆ ತಲೆನೋವು, ವಾಕರಿಕೆ, ಅದೂ ಇರುವ ಒಬ್ಬನೇ ಪೈಲಟ್‌ಗೆ. ಆದ್ದರಿಂದ ತೆರೆದ ಗ್ಯಾಲನ್ ಡಬ್ಬ ಒಯ್ಯುವ ಬದಲು ಗಟ್ಟಿ ಅಲ್ಯುಮಿನಿಯಂ ಬಾಟಲಿಗೆ ಬಗ್ಗಿಸಿಕೊಳ್ಳಿ. ಪೆಪ್ಸಿ ಬಾಟಲಿ, ನೀರಿನ ಬಾಟಲಿಗೆ ವೈಟ್ ಗ್ಯಾಸ್ ಹಾಕುವುದನ್ನು ಯಾವ ಪೈಲಟ್ಟೂ ಒಪ್ಪುವುದಿಲ್ಲ, ಒಪ್ಪಿದರೆ ಆ ವಿಮಾನ ಹತ್ತಬೇಡಿ.

ಬಾಟಲಿ ತುಂಬುವ ಕ್ರಮ

ಹಿಂದಿನ ಸಂಜೆ, ಬಯಲಲ್ಲಿ. ಪಂಪ್ ಬಿಚ್ಚಿಡಿ. ಪಂಪ್ ಕೂರಿಸಿಯೇ ವಿಮಾನ ಹತ್ತಿಸುವುದು ಸೋರಿಕೆಗೆ ಮೊದಲ ಕಾರಣ: ಬ್ಯಾಗಿನ ಒತ್ತಿಗೆ ಕವಾಟದ ಗುಬುಟು ಅರ್ಧ ಸುತ್ತು ತಿರುಗಿದರೆ ಸಾಕು, ಪ್ಲಾಸ್ಟಿಕ್ ಪಂಪ್ ಬಿರುಕು ಬಿಡುವುದೂ ಉಂಟು. ಬಾಟಲಿಗೆ ಅದರದೇ ಗಟ್ಟಿ ಮುಚ್ಚಳ ಬೇಕು. ಮುಚ್ಚಳದ ಓ-ರಿಂಗ್ (ರಬ್ಬರ್ ಬಳೆ) ಹೊರತೆಗೆದು ಬೆರಳಲ್ಲಿ ಮೆಲ್ಲಗೆ ಎಳೆದು ಬೆಳಕಿಗೆ ಹಿಡಿಯಿರಿ. ಚಿಕ್ಕ ಸೀಳು ಕಂಡರೆ, ಒಂದು ಕಡೆ ಚಪ್ಪಟೆಯಾಗಿದ್ದರೆ ಎಸೆದು ಹೊಸದು ಹಾಕಿ. ಬಿಡಿ ಓ-ರಿಂಗ್‌ಗಳು ಬೆರಳುಗುರಿನಷ್ಟು ತೂಗುವುದಿಲ್ಲ, ಮುಚ್ಚಳಕ್ಕೊಂದು, ಪಂಪ್‌ಗೊಂದು ಇಟ್ಟುಕೊಳ್ಳಿ.

ತುಂಬುವುದು ಬಾಟಲಿಯ ಮೇಲಿನ ಗೆರೆಯವರೆಗೆ ಮಾತ್ರ. ಐದು ಡಿಗ್ರಿಯಲ್ಲಿ ತುಂಬಿದ ಒಂದು ಲೀಟರ್ ಪೆಟ್ರೋಲ್ ಮೂವತ್ತೈದು ಡಿಗ್ರಿಗೆ ಕಾದರೆ 30 ಮಿಲಿಯಷ್ಟು ಹಿಗ್ಗುತ್ತದೆ. ದ್ರವ ಕುಗ್ಗಿಕೊಡುವುದಿಲ್ಲ, ಗಾಳಿಗೆ ಜಾಗವಿಲ್ಲದಿದ್ದರೆ ಅದು ಓ-ರಿಂಗ್ ದಾಟಿ ಬರುತ್ತದೆ. 1.25 ಲೀಟರ್‌ಗೆ 887 ಮಿಲಿಯದೊಂದು, 591ರದೊಂದು ಬಾಟಲಿ ಸಾಕು. ಎರಡು ಬಾಟಲಿ ಇದ್ದರೆ ಒಂದು ಸೋರಿದರೂ ಊಟ ತಪ್ಪುವುದಿಲ್ಲ.

ಆಮೇಲೆ ಜಿಪ್‌ಲಾಕ್ ಚೀಲಕ್ಕೆ ಹಾಕಿ, ಮಲಗಿಸಿ, ನೆರಳಲ್ಲಿ ಒಂದು ಗಂಟೆ ಬಿಡಿ. ಚೀಲ ತೆರೆದು ಮೂಸಿ. ವಾಸನೆ ಬಂದರೆ ಒರೆಸಿ ಮತ್ತೊಮ್ಮೆ ಅದೇ ಪರೀಕ್ಷೆ. ಎರಡನೇ ಸಲವೂ ಬಂದರೆ ಆ ಮುಚ್ಚಳ ನಂಬುವಂಥದ್ದಲ್ಲ.

ಕ್ಯಾನಿಸ್ಟರ್‌ಗೆ ಇಷ್ಟು ಕೆಲಸವಿಲ್ಲ. ಸ್ಟವ್ ಬಿಚ್ಚಿ, ಕಿವಿಯ ಹತ್ತಿರ ಹಿಡಿದು ಸುಯ್ ಅನ್ನುತ್ತಿದೆಯೇ ಕೇಳಿ, ಬಾಯಿಗೆ ಒಂದು ಹನಿ ನೀರು ಬಿಟ್ಟು ಗುಳ್ಳೆ ಬರುತ್ತದೆಯೇ ನೋಡಿ. ಮರಳಿನ ಕಣ ಸಿಕ್ಕಿಕೊಂಡರೆ ಕವಾಟ ಪೂರ್ತಿ ಮುಚ್ಚುವುದಿಲ್ಲ. ಪ್ಲಾಸ್ಟಿಕ್ ಟೋಪಿ ಕಳೆಯಬೇಡಿ, ಬ್ಯಾಗಿನೊಳಗಿನ ಚಮಚದ ತುದಿ ಕವಾಟವನ್ನು ಒತ್ತದಂತೆ ಕಾಯುವುದು ಅದೇ.

ಪೈಲಟ್ ಕೈಗೆ

ಇಂಧನವನ್ನು ಬ್ಯಾಗಿನ ತಳಕ್ಕೆ ತುರುಕಬೇಡಿ. ಬೇರೆ ಚೀಲದಲ್ಲಿ ಹಾಕಿ, ಏನು, ಎಷ್ಟು ಎಂದು ಬರೆದು, ಸಾಮಾನು ತೂಗುವಾಗಲೇ ಪೈಲಟ್ ಕೈಗೆ ಕೊಡಿ. ಎಲ್ಲಿಡಬೇಕು ಅನ್ನುವುದು ಅವರ ತೀರ್ಮಾನ. ಕರಡಿ ಓಡಿಸುವ ಖಾರದ ಸ್ಪ್ರೇಯನ್ನೂ ಅದರ ಜೊತೆಗೇ ಕೊಟ್ಟುಬಿಡಿ. ಅದು ಜೆಟ್‌ನಲ್ಲಿ ಎಲ್ಲಿಯೂ ಬರುವಂತಿಲ್ಲ, ಅಲ್ಲೇ ಕೊಳ್ಳಬೇಕು. ಸಣ್ಣ ವಿಮಾನದಲ್ಲಿ ನೀರಿನ ಮೇಲೆ ತೇಲಿಸುವ ಫ್ಲೋಟ್‌ನ ಒಳಗೋ ರೆಕ್ಕೆಯ ಆಸರೆ ಕಂಬಕ್ಕೆ ಕಟ್ಟಿಯೋ ಹೋಗುತ್ತದೆ, ಏಕೆಂದರೆ ಕ್ಯಾಬಿನ್‌ನಲ್ಲಿ ಒಂದು ಸಲ ಬುಸ್ಸೆಂದರೆ ವಿಮಾನ ನಡೆಸುವವರಿಗೆ ಕಣ್ಣು ಬಿಡಲಾಗದು. ತೂಕವನ್ನೂ ಸರಿಯಾಗಿ ಹೇಳಿ: ಒಂದು ಗ್ಯಾಲನ್ ವೈಟ್ ಗ್ಯಾಸ್ ಡಬ್ಬ ಸೇರಿ ಸುಮಾರು 3 ಕಿಲೋ.

ಬೆಂಕಿಪೊಟ್ಟಣ, ಲೈಟರ್ ಮರೆಯಬೇಡಿ. ಅಮೆರಿಕದ ಜೆಟ್‌ನಲ್ಲಿ ಒಂದು ಸಾದಾ ಲೈಟರ್ ಜೇಬಿನಲ್ಲಿ ಬರಬಹುದು, ಟಾರ್ಚ್ ಲೈಟರ್ ಬಾರದು. ಬೆಂಗಳೂರಿನಿಂದ ಹೊರಟವರ ಲೈಟರ್ ಅಲ್ಲೇ ತಪಾಸಣೆಯಲ್ಲಿ ಉಳಿಯುತ್ತದೆ. ಸ್ಟವ್‌ನ ಕಿಡಿ ಗುಂಡಿಯೊಂದನ್ನೇ ನಂಬಿ ಹೋಗಬೇಡಿ.

ಯಾರಿಗೆ ಯಾವುದು

ಕಂಪನಿ ಕ್ಯಾನಿಸ್ಟರ್ ಮಾರುತ್ತದೆ, ಬೇಸಿಗೆ, ಚಿಕ್ಕ ಗುಂಪು: ಕ್ಯಾನಿಸ್ಟರ್. ನಾಲ್ಕು ಜನರಿಗಿಂತ ಹೆಚ್ಚು, ಹತ್ತು ದಿನ ಮೀರಿದ ಪಯಣ, ಸೆಪ್ಟೆಂಬರ್, ಹಿಮ, ಇವುಗಳಲ್ಲಿ ಯಾವುದೊಂದಿದ್ದರೂ ವೈಟ್ ಗ್ಯಾಸ್. ಇಮೇಲ್‌ಗೆ ಸ್ಪಷ್ಟ ಉತ್ತರ ಬಾರದೆ ಹೊರಡುವ ದಿನ ಬಂದರೆ, ದ್ರವ ಮತ್ತು ಕ್ಯಾನಿಸ್ಟರ್ ಎರಡನ್ನೂ ಉರಿಸುವ ವಿಸ್ಪರ್‌ಲೈಟ್ ಯೂನಿವರ್ಸಲ್ ಥರದ ಸ್ಟವ್ ಒಯ್ಯಿರಿ. ಕ್ಯಾನಿಸ್ಟರ್ ಸ್ಟವ್‌ಗಿಂತ ಭಾರ, ಬೆಲೆಯೂ ಹೆಚ್ಚು, ಜೆಟ್ ಬದಲಿಸುವ ಪುಟ್ಟ ಸಲಕರಣೆ ಕಳೆದರೆ ಪೇಚಾಟ. ಆದರೂ ಕೊನೆಯ ಅಂಗಡಿಯಲ್ಲಿ ಏನು ಸಿಕ್ಕರೂ ಊಟವಾಗುತ್ತದೆ. ಎವರೆಸ್ಟ್ ಕಡೆ ಹೋಗುವವರಿಗೂ ಇದೇ ತರ್ಕ: ಲುಕ್ಲಾ ವಿಮಾನಕ್ಕೆ ಕ್ಯಾನಿಸ್ಟರ್ ಹತ್ತಿಸಲು ನೋಡದೆ ಲುಕ್ಲಾ, ನಾಮ್ಚೆಗಳಲ್ಲೇ ಕೊಳ್ಳಿ.

ವಾಪಸ್ ಬರುವಾಗ

ಉಳಿದ ಇಂಧನವನ್ನು ನೆಲಕ್ಕೆ ಸುರಿಯಬಾರದು, ಖಾಲಿ ಕ್ಯಾನಿಸ್ಟರ್ ಹೂಳಬಾರದು. ಹೋಗುವಾಗ ಇದ್ದ ನಿಯಮವೇ ಬರುವಾಗಲೂ: ಬೇರೆ ಚೀಲ, ಪೈಲಟ್ ಕೈಗೆ. ಮಿಕ್ಕ ವೈಟ್ ಗ್ಯಾಸನ್ನು ಏರ್ ಟ್ಯಾಕ್ಸಿ ಕಚೇರಿ ಅಥವಾ ಹಾಸ್ಟೆಲ್ ಸಂತೋಷದಿಂದ ಇಟ್ಟುಕೊಳ್ಳುತ್ತದೆ.

ಆಮೇಲೆ ಉಳಿಯುವುದು ಮನೆಗೆ ಮರಳುವ ಜೆಟ್. ಬಳಸಿದ ಇಂಧನ ಬಾಟಲಿ, ದ್ರವ ಸ್ಟವ್‌ಗಳಿಗೆ ಅಂತರರಾಷ್ಟ್ರೀಯ ವಿಮಾನ ಸಂಸ್ಥೆಗಳ ಒಕ್ಕೂಟವಾದ ಐಎಟಿಎ ಒಂದು ಕ್ರಮ ಹೇಳಿದೆ. ವಿಮಾನ ಕಂಪನಿಯ ಮುಂಗಡ ಒಪ್ಪಿಗೆ ಬೇಕು, ಚೆಕ್-ಇನ್ ಬ್ಯಾಗ್ ಮಾತ್ರ. ಇಂಧನ ಸುರಿದು ಕನಿಷ್ಠ ಒಂದು ಗಂಟೆ ಬಸಿಯಲು ಬಿಡಬೇಕು. ಬಳಿಕ ಮುಚ್ಚಳ ತೆಗೆದು ಕನಿಷ್ಠ ಆರು ಗಂಟೆ ಗಾಳಿಗಿಡಬೇಕು. ಇಲ್ಲವೇ ಅಡುಗೆ ಎಣ್ಣೆ ಹಾಕಿ ಕುಲುಕಿ, ಅದನ್ನು ಬಸಿದುಹಾಕಬಹುದು. ಉಳಿದ ಹನಿಗಳು ಎಣ್ಣೆಯಲ್ಲಿ ಬೆರೆತು ಸುಲಭಕ್ಕೆ ಹೊತ್ತಿಕೊಳ್ಳದಂತಾಗುತ್ತವೆ. ಕೊನೆಗೆ ಮುಚ್ಚಳ ಬಿಗಿದು, ಪೇಪರ್ ಟವೆಲ್ ಸುತ್ತಿ, ಪಾಲಿಥೀನ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಬೇಕು. ಇಷ್ಟಾದ ಮೇಲೂ ಕೌಂಟರ್‌ನಲ್ಲಿ ಮೂಸಿದವರಿಗೆ ವಾಸನೆ ಬಂದರೆ ಬಾಟಲಿ ಅಲ್ಲೇ ಉಳಿಯುತ್ತದೆ. ಚಾರ್ಟರ್ ಇಳಿದ ಸಂಜೆಯೇ ಜೆಟ್ ಹಿಡಿಯುವ ಆತುರದವರಿಗೆ ಆರು ಗಂಟೆ ಸಿಗುವುದೇ ಇಲ್ಲ. ಅಂಥವರು ಬಾಟಲಿ, ಪಂಪ್ ಎರಡನ್ನೂ ಮುಂದಿನ ಗುಂಪಿಗೆ ಕೊಟ್ಟು, ಬರ್ನರ್ ಒಂದನ್ನು ಸೋಪು ನೀರಲ್ಲಿ ತೊಳೆದು ಒಣಗಿಸಿ ತರುವುದು ವಾಸಿ.